ಕೆನಿಲ್‌ವರ್ತ್ ಕೋಟೆಗೆ ಒಂದು ಕಡೆ ಗೋಡೆ ಏಕಿಲ್ಲ?

ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳ ಘಟಿಕೋತ್ಸವಕ್ಕೆಂದು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಹೋಗುವ ಅಪ್ಪ ಅಮ್ಮಂದಿರು ಬಿಡುವಿನ ದಿನ ನೋಡಿಬರಬಹುದಾದ ಜಾಗಗಳಲ್ಲಿ ಕೆನಿಲ್‌ವರ್ತ್ ಕೋಟೆ ಒಂದು. ಕ್ಯಾಂಪಸ್ಸಿನಿಂದ ಕೆಲವೇ ಮೈಲಿ. ಆದರೆ ಒಳಗೆ ಕಾಲಿಟ್ಟ ಕೂಡಲೇ "ಇಷ್ಟು ದುಡ್ಡು ಕೊಟ್ಟು ಬಂದಿದ್ದು ಇದಕ್ಕಾ?" ಅನ್ನಿಸಿದರೆ ಆಶ್ಚರ್ಯವಿಲ್ಲ. ಚಾವಣಿ ಇಲ್ಲ. ನೆಲ ಇಲ್ಲ. ಕೆಂಪು ಕಲ್ಲಿನ ಎತ್ತರದ ಗೋಡೆಗಳು, ನಡುವೆ ನೀಟಾಗಿ ಕತ್ತರಿಸಿದ ಹುಲ್ಲು. ತಲೆಯ ಮೇಲೆ, ಯಾರ ಕೈಗೂ ಸಿಗದ ಎತ್ತರದಲ್ಲಿ ಒಂದು ಬೆಂಕಿಗೂಡು.

ಇಂಥ ಜಾಗಕ್ಕೆ ಸುಮ್ನೆ ಹೋದರೆ ಅರ್ಧ ಗಂಟೆಯಲ್ಲಿ ಬೇಸರ ಬರುತ್ತದೆ. ಯಾವುದು ಏನು, ಯಾಕೆ ಹೀಗಾಯಿತು ಅನ್ನುವುದು ಗೊತ್ತಿದ್ದರೆ ಎರಡು ಮೂರು ಗಂಟೆಯೂ ಸಾಲದು. ಮುಖ್ಯವಾಗಿ ಒಂದು ವಿಷಯ ತಿಳಿದಿರಬೇಕು: ಈ ಕೋಟೆ ಮಳೆಗಾಳಿಗೆ ತಾನಾಗಿ ಬಿದ್ದದ್ದಲ್ಲ. ಇದನ್ನು ಹಾಳು ಮಾಡಿ ಎಂದು ಸರ್ಕಾರವೇ ಆದೇಶ ಕೊಟ್ಟಿತ್ತು.

ಇದು ಎಂಥ ಕೋಟೆ?

ಚಿತ್ರದುರ್ಗವನ್ನೋ ಬೀದರನ್ನೋ ಮನಸ್ಸಿನಲ್ಲಿ ಇಟ್ಟುಕೊಂಡು ಹೋದರೆ ಇಲ್ಲಿ ನಿರಾಸೆ ಗ್ಯಾರಂಟಿ. ಅಲ್ಲಿ ಕೋಟೆಯ ಒಳಗೆ ಗುಡಿ, ಹೊಂಡ, ಕಣಜ, ಜನವಸತಿ ಎಲ್ಲವೂ ಇದ್ದವು. ಮಧ್ಯಯುಗದ ಯುರೋಪಿನ ಕ್ಯಾಸಲ್ ಬೇರೆ ಥರದ್ದು. ಅದು ಒಬ್ಬ ರಾಜನ ಅಥವಾ ಜಹಗೀರುದಾರನ ಮನೆ. ಮನೆಯೂ ಹೌದು, ಕಚೇರಿಯೂ ಹೌದು, ಕಷ್ಟ ಬಂದಾಗ ಬಾಗಿಲು ಹಾಕಿಕೊಂಡು ಕೂರುವ ಜಾಗವೂ ಹೌದು. ಊರು ಸಾಮಾನ್ಯವಾಗಿ ಗೋಡೆಯ ಹೊರಗೆ ಬೆಳೆಯುತ್ತಿತ್ತು.

1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡನ್ನು ಗೆದ್ದವರು ಈ ಪದ್ಧತಿಯನ್ನು ದೇಶದ ತುಂಬ ಹಬ್ಬಿಸಿದರು. ಗೆದ್ದ ನೆಲವನ್ನು ರಾಜ ತನ್ನವರಿಗೆ ಹಂಚಿದ. ಅವರು ಅಲ್ಲಲ್ಲಿ ಮಣ್ಣುದಿಬ್ಬ ಎಬ್ಬಿಸಿ, ಮೇಲೆ ಮರದ ಗೋಪುರ ಕಟ್ಟಿ ಕೂತರು. ಕೈಯಲ್ಲಿ ದುಡ್ಡು ಓಡಾಡತೊಡಗಿದ ಮೇಲೆ ಮರ ಹೋಗಿ ಕಲ್ಲು ಬಂತು.

ಕೆನಿಲ್‌ವರ್ತ್ ಶುರುವಾದದ್ದು 1120ರ ದಶಕದಲ್ಲಿ. ಕಟ್ಟಿಸಿದವನು ಜೆಫ್ರಿ ಡಿ ಕ್ಲಿಂಟನ್, ಒಂದನೇ ಹೆನ್ರಿ ರಾಜನ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಐದಾರು ಮೈಲಿ ಆಚೆ ವಾರಿಕ್‌ನಲ್ಲಿ ಒಬ್ಬ ಪ್ರಬಲ ಅರ್ಲ್ ಇದ್ದ. ಅರ್ಲ್ ಅಂದರೆ ದೊಡ್ಡ ದರ್ಜೆಯ ಜಹಗೀರುದಾರ. ಅವನ ಮೇಲೆ ರಾಜನಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಅವನ ಮಗ್ಗುಲಲ್ಲೇ ತನ್ನ ನಂಬಿಕಸ್ಥನೊಬ್ಬನನ್ನು ಕೂರಿಸಿದ.

ಒಳಗೆ ಹೋಗುವ ಮುಂಚೆ ಮೂರು ಹೆಸರು ತಿಳಿದಿದ್ದರೆ ಸಾಕು. ಎಲ್ಲಕ್ಕಿಂತ ದಪ್ಪಗೆ, ಚೌಕಾಕಾರವಾಗಿ ನಿಂತಿರುವ ಗೋಪುರದ ಹೆಸರು ಕೀಪ್. ಅದರ ಬುಡದಲ್ಲಿ ಗೋಡೆ ಕೆಲವು ಕಡೆ 5 ಮೀಟರ್ ದಪ್ಪ ಇದೆ. ಕೀಪ್ ಮತ್ತು ವಾಸದ ಮನೆಗಳು ಸುತ್ತುವರಿದಿರುವುದು ಒಳ ಅಂಗಳ. ಇವೆಲ್ಲವನ್ನೂ ದೂರದಿಂದ ಬಳಸಿ ನಿಂತಿರುವುದು ಹೊರಗೋಡೆ.

ನೀರಿನ ಕಾವಲು

ಟಿಕೆಟ್ ತೆಗೆದುಕೊಂಡು ದಕ್ಷಿಣದ ಕಡೆಯಿಂದ ಬರುವವರು ಒಂದು ಉದ್ದನೆಯ, ನೇರವಾದ ಮಣ್ಣುದಿಬ್ಬದ ಮೇಲೆ ನಡೆದು ಬಾಗಿಲು ಸೇರುತ್ತಾರೆ. ಮಕ್ಕಳು ಮುಂದೆ ಓಡುತ್ತವೆ, ದೊಡ್ಡವರು ಫೋಟೋ ತೆಗೆಯುತ್ತಾರೆ. ಕಾಲಡಿಯ ದಿಬ್ಬವನ್ನು ಯಾರೂ ನೋಡುವುದಿಲ್ಲ. ನನ್ನ ಲೆಕ್ಕದಲ್ಲಿ ಇಡೀ ಕೋಟೆಯಲ್ಲಿ ಅತ್ಯಂತ ಜಾಣತನದ ಕೆಲಸ ಇದೇ.

ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅದು ನಮ್ಮ ಊರಿನ ಕೆರೆ ಏರಿ ಅಂದುಕೊಳ್ಳಿ. ಸಣ್ಣ ಹಳ್ಳಗಳು ಹರಿದು ಹೋಗುವ ಕಣಿವೆಗೆ ಅಡ್ಡಲಾಗಿ ಮಣ್ಣು ಪೇರಿಸಿದರು. ನೀರು ಹಿಂದಕ್ಕೆ ನಿಂತಿತು. ಕೋಟೆಯ ದಕ್ಷಿಣ ಮತ್ತು ಪಶ್ಚಿಮಕ್ಕೆ ಸುಮಾರು ಅರ್ಧ ಮೈಲಿ ಉದ್ದದ ದೊಡ್ಡ ಕೆರೆಯೇ ಆಯಿತು. ನಮ್ಮಲ್ಲಿ ಗದ್ದೆಗೆ ನೀರು ಬೇಕೆಂದು ಏರಿ ಕಟ್ಟಿದರೆ, ಇಲ್ಲಿ ಶತ್ರುವನ್ನು ದೂರ ಇಡಲು ಕಟ್ಟಿದರು. ಏರಿಯ ಮೇಲಿನ ದಾರಿಯೇ ಕೋಟೆಯ ಬಾಗಿಲಿಗೆ ಹೋಗುವ ದಾರಿ. ಬರುವವರು ಯಾರೇ ಆಗಲಿ, ಆ ಕಿರಿದಾದ ಜಾಗದಲ್ಲೇ ಸಾಲಾಗಿ ಬರಬೇಕು.

ಕೆರೆಯನ್ನು ಈ ಗಾತ್ರಕ್ಕೆ ಬೆಳೆಸಿದ್ದು, ಹೊರಗೋಡೆಯನ್ನು ಕಲ್ಲಿನಲ್ಲಿ ಎಬ್ಬಿಸಿದ್ದು ಜಾನ್ ರಾಜ. ಅಷ್ಟರಲ್ಲಿ ಕೋಟೆ ರಾಜಮನೆತನದ ಕೈಗೆ ಬಂದಿತ್ತು. 1210ರಿಂದ 1215ರ ನಡುವೆ ಅವನು ಇಲ್ಲಿಗೆ ಸಾವಿರ ಪೌಂಡಿಗೂ ಜಾಸ್ತಿ ಸುರಿದ. ಆ ಕಾಲಕ್ಕೆ ಅದು ಭಾರಿ ಮೊತ್ತ.

ಇಷ್ಟು ನೀರು ಯಾಕೆ ಬೇಕಿತ್ತು? ಕಲ್ಲುಗೋಡೆಗೆ ದೊಡ್ಡ ಭಯ ಬರುತ್ತಿದ್ದದ್ದು ಕೆಳಗಿನಿಂದ. ಮುತ್ತಿಗೆ ಹಾಕಿದವರು ಗೋಡೆಯ ಅಡಿಯಲ್ಲಿ ಸುರಂಗ ತೋಡುತ್ತಿದ್ದರು. ಮೇಲಿನ ಭಾರ ಬೀಳದಂತೆ ಮರದ ಕಂಬ ಕೊಡುತ್ತಿದ್ದರು. ಕೊನೆಗೆ ಕಂಬಗಳಿಗೆ ಬೆಂಕಿ ಹಚ್ಚಿ ಹೊರಗೆ ಓಡುತ್ತಿದ್ದರು. ಕಂಬ ಸುಟ್ಟರೆ ಗೋಡೆ ಕುಸಿಯುತ್ತದೆ. ಈ ವಿದ್ಯೆ ಜಾನ್ ರಾಜನಿಗೆ ಚೆನ್ನಾಗಿ ಗೊತ್ತಿತ್ತು. 1215ರಲ್ಲಿ ರಾಚೆಸ್ಟರ್ ಕೋಟೆಗೆ ಅವನೇ ಮುತ್ತಿಗೆ ಹಾಕಿ ಸುರಂಗ ತೋಡಿಸಿದ್ದ. ಬೆಂಕಿ ಜೋರಾಗಿ ಹೊತ್ತಬೇಕೆಂದು 40 ಕೊಬ್ಬಿದ ಹಂದಿಗಳನ್ನು ಕಳಿಸಿ ಎಂದು ಪತ್ರ ಬರೆಸಿದ. ತಿನ್ನಲು ಲಾಯಕ್ಕಿಲ್ಲದವೇ ಆದರೂ ಪರವಾಗಿಲ್ಲ ಅನ್ನುವ ಸೂಚನೆ ಬೇರೆ! ಆ ಗೋಪುರದ ಒಂದು ಮೂಲೆ ಕುಸಿದೇ ಬಿಟ್ಟಿತು.

ಕೆರೆ ಇರುವ ಕಡೆ ಸುರಂಗ ತೋಡಲು ಆಗುವುದಿಲ್ಲ, ನೀರು ನುಗ್ಗುತ್ತದೆ. ಕಲ್ಲೆಸೆಯುವ ಯಂತ್ರಗಳನ್ನೂ ಹತ್ತಿರ ತಂದು ನಿಲ್ಲಿಸಲು ಆಗುವುದಿಲ್ಲ. ಇಲ್ಲಿ ಎರಡು ದಿಕ್ಕುಗಳ ಚಿಂತೆ ಹೀಗೆ ತೀರಿತು.

ಹಸಿವೆಗೆ ಸೋತ ಕೋಟೆ

ಈ ಲೆಕ್ಕಾಚಾರ ಸರಿಯಿತ್ತೇ ಅನ್ನುವುದು 1266ರಲ್ಲಿ ಪರೀಕ್ಷೆಯಾಯಿತು. ಸೈಮನ್ ಡಿ ಮಾಂಟ್‌ಫರ್ಟ್ ಎಂಬ ಅರ್ಲ್ ಮೂರನೇ ಹೆನ್ರಿ ರಾಜನ ತಂಗಿಯ ಗಂಡ. ಕೋಟೆಯನ್ನು ಅವನಿಗೆ ಕೊಟ್ಟದ್ದೇ ರಾಜ. ಮುಂದೆ ಅವನೇ ರಾಜನ ವಿರುದ್ಧ ತಿರುಗಿಬಿದ್ದ, ರಾಜನನ್ನು ಸೆರೆಹಿಡಿದ. ಊರುಗಳ ಪ್ರತಿನಿಧಿಗಳನ್ನೂ ಕರೆಸಿ 1265ರಲ್ಲಿ ಅವನು ನಡೆಸಿದ ಪಾರ್ಲಿಮೆಂಟ್ ಇವತ್ತಿಗೂ ಹೆಸರುವಾಸಿ. ಅದೇ ವರ್ಷ ಆಗಸ್ಟಿನಲ್ಲಿ ಈವ್‌ಶಮ್ ಯುದ್ಧದಲ್ಲಿ ಸತ್ತ. ಉಳಿದ ಬೆಂಬಲಿಗರು ಕೆನಿಲ್‌ವರ್ತ್ ಒಳಗೆ ಸೇರಿಕೊಂಡರು. ಮಾತುಕತೆಗೆ ಬಂದ ರಾಜದೂತನ ಕೈ ಕಡಿದು ಕಳಿಸಿದರು.

1266ರ ಜೂನ್‌ನಲ್ಲಿ ರಾಜನ ಸೇನೆ ಸುತ್ತುವರಿಯಿತು. ಕಲ್ಲೆಸೆಯುವ ಯಂತ್ರ ತಂದರು. ಚಕ್ರದ ಮೇಲೆ ಮರದ ಗೋಪುರ ಕಟ್ಟಿದರು. ಕೆರೆ ದಾಟಲು ದೂರದ ಚೆಸ್ಟರ್‌ನಿಂದ ದೋಣಿ ತರಿಸಿದರು. ಏನೂ ನಡೆಯಲಿಲ್ಲ. ಪೋಪ್ ಕಳಿಸಿದ್ದ ಪ್ರತಿನಿಧಿ ಬಂದು ಒಳಗಿರುವವರಿಗೆಲ್ಲ ಧರ್ಮಬಹಿಷ್ಕಾರ ಹಾಕಿದರೆ, ಒಳಗಿನವರು ತಮ್ಮ ವೈದ್ಯನೊಬ್ಬನಿಗೆ ಪಾದ್ರಿ ವೇಷ ಹಾಕಿಸಿ ಗೋಡೆ ಮೇಲೆ ನಿಲ್ಲಿಸಿ ಹೊರಗಿನವರಿಗೇ ಬಹಿಷ್ಕಾರ ಹಾಕಿಸಿದರು.

ಕೊನೆಗೆ ರಾಜ ರಾಜಿಗೆ ಇಳಿದ. ಅಕ್ಟೋಬರ್ 31ರಂದು ಹೊರಟ ಘೋಷಣೆ ಕೆನಿಲ್‌ವರ್ತ್ ತೀರ್ಪು ಎಂದು ಪ್ರಸಿದ್ಧ. ದಂಗೆಯಲ್ಲಿ ಸೇರಿದವರು ಕಳೆದುಕೊಂಡ ಜಮೀನನ್ನು ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ತಪ್ಪು ದೊಡ್ಡದಾದಷ್ಟೂ ದಂಡ ಜಾಸ್ತಿ. ಒಳಗಿದ್ದವರು ಅದನ್ನೂ ಒಪ್ಪಲಿಲ್ಲ. ಡಿಸೆಂಬರ್ ಮಧ್ಯದ ಹೊತ್ತಿಗೆ ಊಟ ಮುಗಿಯಿತು, ರೋಗ ಹಬ್ಬಿತು, ಬಾಗಿಲು ತೆರೆದರು. ಸುಮಾರು ಆರು ತಿಂಗಳು ಹೊಡೆದರೂ ಗೋಡೆ ಮಾತ್ರ ಬೀಳಲಿಲ್ಲ.

ಗೋಡೆಯನ್ನು ಓದುವುದು

ಈಗ ಒಳ ಅಂಗಳಕ್ಕೆ ಬನ್ನಿ. ನೆಲದಲ್ಲಿ ನಿಂತು ತಲೆ ಎತ್ತಿದರೆ ಗೋಡೆಯ ಮಧ್ಯೆ ಬೆಂಕಿಗೂಡು ಕಾಣುತ್ತದೆ. ಅದರ ಮೇಲೆ ಇನ್ನೊಂದು. ಯಾಕೆ ಅಷ್ಟು ಎತ್ತರದಲ್ಲಿ? ಪ್ರತಿಯೊಂದರ ಎದುರೂ ಒಂದು ಕೋಣೆ ಇತ್ತು. ಕೋಣೆಯ ನೆಲ ಮರದ್ದು. ಮರ ಹೋಯಿತು, ಕಲ್ಲು ಉಳಿಯಿತು. ಬೆಂಕಿಗೂಡಿನ ಸ್ವಲ್ಪ ಕೆಳಗೆ ಒಂದೇ ಮಟ್ಟದಲ್ಲಿ ಸಾಲಾಗಿ ಚೌಕ ತೂತುಗಳಿದ್ದರೆ ತೊಲೆಗಳು ಕೂರುತ್ತಿದ್ದದ್ದು ಅಲ್ಲೇ. ಗೋಡೆ ಒಂದು ಕಡೆ ಇದ್ದಕ್ಕಿದ್ದಂತೆ ತೆಳ್ಳಗಾಗಿ ಒಂದು ಅಂಚು ಮೂಡಿದ್ದರೆ ಅದೂ ನೆಲದ ಗುರುತೇ; ತೊಲೆಗಳು ಆ ಅಂಚಿನ ಮೇಲೆ ಕೂರುತ್ತಿದ್ದವು. ಬೆಂಕಿಗೂಡುಗಳನ್ನು ಎಣಿಸಿದರೆ ಎಷ್ಟು ಅಂತಸ್ತು ಇತ್ತು ಎಂದು ಸುಮಾರಾಗಿ ಗೊತ್ತಾಗುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ, ಚೆನ್ನಾಗಿ ಮಾಡುತ್ತವೆ.

ಕಿಟಕಿಗಳು ಕಾಲವನ್ನು ಹೇಳುತ್ತವೆ. ಹೊರಗೆ ಒಂದು ಸೀಳು, ಒಳಗೆ ಅಗಲವಾದ ಗೂಡು ಇದ್ದರೆ ಅದು ಬಾಣ ಬಿಡಲು ಮಾಡಿದ್ದು. ಬಿಲ್ಲುಗಾರ ಒಳಗೆ ಆ ಕಡೆ ಈ ಕಡೆ ಸರಿದು ಗುರಿ ಇಡಬಹುದು, ಹೊರಗಿನವನಿಗೆ ಮಾತ್ರ ಅವನು ಕಾಣುವುದಿಲ್ಲ. ದೊಡ್ಡ ಕಿಟಕಿ ಕಂಡರೆ ಆ ಭಾಗ ಕಟ್ಟುವ ಹೊತ್ತಿಗೆ ಮನೆಯವರಿಗೆ ಯುದ್ಧಕ್ಕಿಂತ ಬೆಳಕು ಮುಖ್ಯವಾಗಿತ್ತು ಅಂತ ತಿಳಿಯಿರಿ. ಇಲ್ಲಿನ ಕೀಪ್‌ನಲ್ಲೇ ಇದು ಕಾಣುತ್ತದೆ. 12ನೇ ಶತಮಾನದ ದಪ್ಪ ಗೋಡೆಯನ್ನು 16ನೇ ಶತಮಾನದಲ್ಲಿ ಒಡೆದು ದೊಡ್ಡ ಕಿಟಕಿ ಇಟ್ಟಿದ್ದಾರೆ.

ಅಂಗಳದ ಪಶ್ಚಿಮಕ್ಕೆ ಮೂರನೇ ಎಡ್ವರ್ಡ್ ರಾಜನ ಮಗ ಜಾನ್ ಆಫ್ ಗಾಂಟ್ 1370ರ ದಶಕದಲ್ಲಿ ಶುರು ಮಾಡಿದ ಮಹಾಸಭಾಂಗಣ ಇದೆ. ಉದ್ದ ಸುಮಾರು 27 ಮೀಟರ್, ಅಗಲ 14 ಮೀಟರ್. ನಡುವೆ ಒಂದೂ ಕಂಬ ಇಲ್ಲದೆ ಮರದ ಚಾವಣಿ ಹೊದಿಸಿದ್ದರು. ಸಭಾಂಗಣ ಇದ್ದದ್ದು ಮಹಡಿಯಲ್ಲಿ, ಕೆಳಗೆ ಕಮಾನಿನ ಉಗ್ರಾಣ. ಈಗ ನೀವು ನಿಲ್ಲುವುದು ಉಗ್ರಾಣದ ನೆಲದ ಮೇಲೆ. ಊಟ, ನ್ಯಾಯತೀರ್ಮಾನ, ಹಬ್ಬ ಎಲ್ಲ ನಡೆಯುತ್ತಿದ್ದದ್ದು ನಿಮ್ಮ ತಲೆಯ ಮೇಲೆ, ಆ ಎತ್ತರದ ಕಿಟಕಿಗಳ ಸಾಲಿನಲ್ಲಿ. ಕಿಟಕಿಯ ಒಳಬದಿಯಲ್ಲಿ ಕೂರಲು ಕಲ್ಲಿನ ಜಗಲಿ ಇನ್ನೂ ಇದೆ.

ಮೂಲೆ ಗೋಪುರಗಳಲ್ಲಿ ಪುಟ್ಟ ಕೋಣೆ, ಅದರ ತಳದಲ್ಲಿ ಕೆಳಗಿನ ತನಕ ಇಳಿಯುವ ಕೊಳವೆ ಕಂಡರೆ ಜಾಸ್ತಿ ಕುತೂಹಲ ಬೇಡ. ಅದು ಶೌಚಾಲಯ. ಕೀಪ್‌ನ ವಾಯವ್ಯ ಮೂಲೆ ಬಹುಪಾಲು ಇದಕ್ಕೇ ಮೀಸಲು.

ಸುರುಳಿ ಮೆಟ್ಟಿಲ ಹತ್ತಿರ ಯಾರಾದರೂ ಒಬ್ಬರು ಒಂದು ಕತೆ ಹೇಳೇ ಹೇಳುತ್ತಾರೆ. ಮೆಟ್ಟಿಲು ಗಡಿಯಾರದ ದಿಕ್ಕಿಗೆ ಸುತ್ತುವುದು ಮೇಲಿರುವ ಕಾವಲುಗಾರನಿಗೆ ಬಲಗೈಯಲ್ಲಿ ಕತ್ತಿ ಬೀಸಲು ಅನುಕೂಲ ಆಗಲಿ ಅಂತ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಈ ವಾದ ಹೆಸರು ಮಾಡಿದ್ದು 20ನೇ ಶತಮಾನದ ಆರಂಭದಲ್ಲಿ. ಮಧ್ಯಯುಗದ ಬರಹಗಳಲ್ಲಿ ಇದಕ್ಕೆ ಆಧಾರ ಸಿಕ್ಕಿಲ್ಲ, ಎಡಕ್ಕೆ ಸುತ್ತುವ ಮೆಟ್ಟಿಲುಗಳೂ ಎಷ್ಟೋ ಕೋಟೆಗಳಲ್ಲಿ ಇವೆ. ಶತ್ರು ಮೆಟ್ಟಿಲ ತನಕ ಬಂದಿದ್ದರೆ ಆಟ ಮುಗಿದ ಹಾಗೇ.

ರಾಣಿಯ 19 ದಿನ

1563ರಲ್ಲಿ ಒಂದನೇ ಎಲಿಜಬೆತ್ ಈ ಕೋಟೆಯನ್ನು ರಾಬರ್ಟ್ ಡಡ್ಲಿಗೆ ಕೊಟ್ಟಳು. ಮರುವರ್ಷ ಅವನು ಲೆಸ್ಟರ್‌ನ ಅರ್ಲ್ ಆದ. ಇಬ್ಬರ ನಡುವಿನ ಸಲುಗೆ ಇಡೀ ಆಸ್ಥಾನಕ್ಕೆ ಗೊತ್ತಿತ್ತು. ರಾಣಿ ಬಂದಾಗ ಉಳಿಯಲೆಂದೇ ಅವನು ಕೋಟೆಯ ಆಗ್ನೇಯಕ್ಕೆ ಎತ್ತರದ ಕಟ್ಟಡ ಕಟ್ಟಿಸಿದ. ಗೋಡೆಗಿಂತ ಗಾಜೇ ಹೆಚ್ಚು. ಅದರೊಳಗೆ ಈಗ ಹೊಸದಾಗಿ ಮೆಟ್ಟಿಲು, ಅಟ್ಟಣಿಗೆ ಜೋಡಿಸಿದ್ದಾರೆ. ಹತ್ತಿದರೆ ರಾಣಿಯ ಕಿಟಕಿಯ ಮಟ್ಟದಲ್ಲೇ ನಿಂತು ಹೊರಗೆ ನೋಡಬಹುದು.

1575ರ ಜುಲೈನಲ್ಲಿ ರಾಣಿ ಬಂದು 19 ದಿನ ಉಳಿದಳು. ಕೆರೆಯ ಮೇಲೆ ತೇಲುವ ದ್ವೀಪದಲ್ಲಿ ಜಲದೇವತೆಯ ವೇಷದವಳು ಬಂದು ಸ್ವಾಗತಿಸಿದಳು. ಬಾಣಬಿರುಸು, ಬೇಟೆ, ನಾಟಕ, ಕರಡಿ ಕಾಳಗ. ಕೀಪ್ ಮೇಲಿನ ಗಡಿಯಾರವನ್ನು ಎರಡು ಗಂಟೆಗೆ ನಿಲ್ಲಿಸಿಬಿಟ್ಟಿದ್ದರು. ರಾಣಿ ಇರುವಷ್ಟು ದಿನ ಮುಳ್ಳು ಅಲುಗಲಿಲ್ಲ. ಇದೆಲ್ಲ ನಮಗೆ ತಿಳಿದಿರುವುದು ಅಲ್ಲಿದ್ದವನೊಬ್ಬ ಬರೆದ ಉದ್ದದ ಪತ್ರದಿಂದ.

ಅದೇ ಪತ್ರ ಇನ್ನೊಂದು ಕೆಲಸಕ್ಕೆ ಬಂತು. ಡಡ್ಲಿ ಕೀಪ್‌ನ ಉತ್ತರಕ್ಕೆ ರಾಣಿಗೆಂದು ತೋಟ ಮಾಡಿಸಿದ್ದ. ಪತ್ರ ಬರೆದವನು ರಾಣಿ ಬೇಟೆಗೆ ಹೋಗಿದ್ದಾಗ ಅದರೊಳಗೆ ಹೋಗಿ, ಅಮೃತಶಿಲೆಯ ಕಾರಂಜಿ, ಹಕ್ಕಿಗಳ ದೊಡ್ಡ ಪಂಜರ, ಎತ್ತರದ ಜಗಲಿ ಎಲ್ಲವನ್ನೂ ಬಣ್ಣಿಸಿದ್ದಾನೆ. ನಾಲ್ಕು ಶತಮಾನದ ನಂತರ ಅಗೆದವರಿಗೆ ಎಂಟು ಮೂಲೆಯ ಕಾರಂಜಿಯ ತಳಪಾಯ ಸಿಕ್ಕಿತು. ಪತ್ರ ಮತ್ತು ತಳಪಾಯ ಎರಡನ್ನೂ ಇಟ್ಟುಕೊಂಡು 2009ರಲ್ಲಿ ತೋಟವನ್ನು ಮತ್ತೆ ಕಟ್ಟಿದರು.

ಬೀಳಿಸಿದವರು ಯಾರು?

ಆ ತೋಟದಲ್ಲಿ ನಿಂತು ಕೀಪ್ ಕಡೆ ತಿರುಗಿ. ಮೂರು ಗೋಡೆ ಇವೆ, ನಿಮ್ಮ ಕಡೆಯದು ಇಲ್ಲ. ಗೋಪುರದ ಒಳಭಾಗ ಪೂರ್ತಿ ಬಯಲಾಗಿ ಕಾಣುತ್ತದೆ.

1642ರಲ್ಲಿ ಒಂದನೇ ಚಾರ್ಲ್ಸ್ ರಾಜನಿಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಶುರುವಾಯಿತು. ಅಷ್ಟರಲ್ಲಿ ಫಿರಂಗಿಯ ಕಾಲ ಬಂದಿತ್ತು. ಆದರೂ ಹಳೆಯ ಕೋಟೆಗಳು ಪೂರ್ತಿ ಕೆಲಸಕ್ಕೆ ಬಾರದವಾಗಿರಲಿಲ್ಲ. ನೂರಾರು ಜನ ಒಳಗೆ ಸೇರಿಕೊಂಡರೆ ಅವರನ್ನು ಹೊರಹಾಕಲು ವಾರಗಟ್ಟಲೆ ಹಿಡಿಯುತ್ತಿತ್ತು. ಯುದ್ಧ ಗೆದ್ದ ಪಾರ್ಲಿಮೆಂಟಿಗೆ ಎದುರಿದ್ದ ದಾರಿ ಎರಡು. ಪ್ರತಿ ಕೋಟೆಯಲ್ಲೂ ಸಂಬಳ ಕೊಟ್ಟು ಸೈನಿಕರನ್ನು ಇಡಬೇಕು, ಇಲ್ಲವೇ ಯಾರಿಗೂ ಉಪಯೋಗವಾಗದಂತೆ ಕೋಟೆಯನ್ನು ಕೆಡಿಸಬೇಕು. ಎರಡನೆಯದು ಅಗ್ಗ. ದೇಶದ ತುಂಬ ಹಲವಾರು ಕೋಟೆಗಳಿಗೆ ಇದೇ ಗತಿ ಆಯಿತು. 1649ರ ಜನವರಿಯಲ್ಲಿ ರಾಜನ ತಲೆ ಹೋಯಿತು. 1649–50ರಲ್ಲಿ ಕೆನಿಲ್‌ವರ್ತ್‌ನ ಸರದಿ ಬಂತು.

ಪೂರ್ತಿ ಕೆಡವಲಿಲ್ಲ ಯಾಕೆ? 5 ಮೀಟರ್ ದಪ್ಪದ ಗೋಡೆಯನ್ನು ಒಡೆಯುವುದೂ ಖರ್ಚಿನ ಕೆಲಸ. ಒಂದು ಗೋಡೆ ತೆಗೆದರೆ ಗೋಪುರದಲ್ಲಿ ಯಾರೂ ಅಡಗಿ ಕೂರಲು ಆಗುವುದಿಲ್ಲ, ಅಷ್ಟು ಸಾಕು. ಹೊರಗೋಡೆಯನ್ನೂ ಅಲ್ಲಲ್ಲಿ ಒಡೆದರು. ಕೆರೆಯನ್ನು ಬರಿದು ಮಾಡಿದರು. ಉಸ್ತುವಾರಿ ವಹಿಸಿದ್ದ ಸೇನಾಧಿಕಾರಿ ಹಾಕ್ಸ್‌ವರ್ತ್ ಆಮೇಲೆ ಇಲ್ಲೇ ನೆಲೆಸಿದ. ಡಡ್ಲಿ ಕಟ್ಟಿಸಿದ್ದ ಹೆಬ್ಬಾಗಿಲ ಕಟ್ಟಡವನ್ನು ಮನೆ ಮಾಡಿಕೊಂಡ. ಕೆಡವಿದ ಕೋಟೆಯಲ್ಲಿ ಆ ಹೆಬ್ಬಾಗಿಲು ಚಾವಣಿ ಸಮೇತ ಗಟ್ಟಿಯಾಗಿ ಉಳಿದದ್ದು ಹೀಗೆ.

ಉಳಿದ ಕೆಲಸವನ್ನು ಮಳೆ ಮಾಡಿತು. ಇಲ್ಲಿನ ದಪ್ಪ ಗೋಡೆ ಪೂರ್ತಿ ಕೆತ್ತಿದ ಕಲ್ಲಿನದಲ್ಲ. ಎರಡು ಬದಿಗೆ ನಯವಾದ ಕಲ್ಲಿನ ಪದರ, ನಡುವೆ ಗಾರೆಯಲ್ಲಿ ಕಲಸಿ ತುಂಬಿದ ಒರಟು ಕಲ್ಲು. ಮುರಿದ ಜಾಗದಲ್ಲಿ ಹತ್ತಿರ ಹೋಗಿ ನೋಡಿದರೆ ಈ ತುಂಬು ಎದ್ದು ಕಾಣುತ್ತದೆ. ಚಾವಣಿ ಇರುವ ತನಕ ಇದು ಬಂಡೆಯಷ್ಟು ಗಟ್ಟಿ. ಚಾವಣಿ ಹೋಗಿ ಗೋಡೆಯ ನೆತ್ತಿಯಿಂದ ನೀರು ಇಳಿಯತೊಡಗಿದರೆ ಗಾರೆ ಕರಗಿ, ಹೊರಪದರ ಕಳಚುತ್ತದೆ. ಇಲ್ಲಿಯ ಕೆಂಪು ಮರಳುಗಲ್ಲು ಮೊದಲೇ ಮೆದು.

ಮತ್ತೆ ಕಟ್ಟಬಾರದೇ?

ದುಡ್ಡಿದೆ, ತಂತ್ರಜ್ಞಾನವಿದೆ, ಆ ಗೋಡೆ ಎಬ್ಬಿಸಿದರೆ ಆಯಿತಲ್ಲ ಅನ್ನಿಸುವುದು ಸಹಜ. ಪಾರಂಪರಿಕ ಕಟ್ಟಡಗಳ ಸಂರಕ್ಷಣೆಗೆ ಜಗತ್ತಿನ ಹಲವೆಡೆ ಮಾರ್ಗದರ್ಶಿಯಾಗಿರುವ 1964ರ ವೆನಿಸ್ ಸನ್ನದು ಇದಕ್ಕೆ ಒಂದು ಗೆರೆ ಹಾಕಿದೆ. ಎಲ್ಲಿ ಊಹೆ ಶುರುವಾಗುತ್ತದೋ ಅಲ್ಲಿ ದುರಸ್ತಿ ನಿಲ್ಲಬೇಕು. ಕೀಪ್‌ನ ಉತ್ತರ ಗೋಡೆ ಹೇಗಿತ್ತು ಎಂದು ಅಂದಾಜು ಮಾಡಬಹುದೇ ಹೊರತು ಖಚಿತವಾಗಿ ಹೇಳಲಾಗದು. ಅದೂ ಅಲ್ಲದೆ ಗೋಡೆ ಮುರಿದದ್ದೂ ಇತಿಹಾಸವೇ. ಅದನ್ನು ಮುಚ್ಚಿದರೆ 1649 ಅಳಿಸಿಹೋಗುತ್ತದೆ.

ಹಾಗಾದರೆ ತೋಟ? ಪತ್ರವೂ ತಳಪಾಯವೂ ಎರಡೂ ಸಿಕ್ಕಿದ್ದರಿಂದ ಅದನ್ನು ಸಮರ್ಥಿಸುತ್ತಾರೆ. ಗಿಡಗಳ ಆಯ್ಕೆಯಲ್ಲಿ ಊಹೆ ಇಲ್ಲವೇ ಅಂದರೆ ಇದೆ. ಅದು ತಜ್ಞರ ನಡುವಿನ ಜಗಳ.

ಹುಲ್ಲುಹಾಸಿಗೂ ಮೋಸ ಹೋಗಬೇಡಿ. ಅದು ಮಧ್ಯಯುಗದ್ದಲ್ಲ. ಆಗ ಈ ಅಂಗಳ ಕುದುರೆ, ಗಾಡಿ, ಸೌದೆ, ಕೆಸರಿನಿಂದ ತುಂಬಿರುತ್ತಿತ್ತು. 19ನೇ ಶತಮಾನದ ಪ್ರವಾಸಿಗರು ಕಂಡದ್ದು ಬಳ್ಳಿ ಹಬ್ಬಿ ಹಸಿರಾಗಿದ್ದ ಗೋಡೆಗಳನ್ನು. 1938ರಲ್ಲಿ ಕೋಟೆ ಸರ್ಕಾರದ ಉಸ್ತುವಾರಿಗೆ ಬಂತು. ಕಾರು ತಯಾರಿಸುತ್ತಿದ್ದ ಉದ್ಯಮಿ ಜಾನ್ ಸಿಡ್ಲಿ ಅದನ್ನು ಕೊಂಡು, ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೆ ಒಪ್ಪಿಸಿದ್ದ. 20ನೇ ಶತಮಾನದಲ್ಲಿ ಇಂಥ ಕೋಟೆಗಳನ್ನು ನೋಡಿಕೊಂಡ ಸರ್ಕಾರಿ ಇಲಾಖೆಯ ಪದ್ಧತಿ ಒಂದೇ: ಬಳ್ಳಿ ಕಿತ್ತು, ಗೋಡೆ ಭದ್ರ ಮಾಡಿ, ಹುಲ್ಲು ಬೆಳೆಸುವುದು. ಭದ್ರ ಮಾಡಲು ಇಂದು ಬಳಸುವುದು ಸುಣ್ಣದ ಗಾರೆ. ಸಿಮೆಂಟ್ ಹಾಕಿದರೆ ಒಳಗಿನ ತೇವ ಹೊರಗೆ ಹೋಗಲಾಗದೆ ಮೆದು ಕಲ್ಲೇ ಪುಡಿಯಾಗಿ ಉದುರುತ್ತದೆ.

ಹೋಗುವವರಿಗೆ

ಕೋಟೆಯನ್ನು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ನೋಡಿಕೊಳ್ಳುತ್ತದೆ. ಚಳಿಗಾಲದಲ್ಲಿ ತೆರೆದಿರುವ ದಿನ ಕಡಿಮೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿ. ಕೆನಿಲ್‌ವರ್ತ್‌ಗೆ 2018ರಿಂದ ಮತ್ತೆ ರೈಲು ಓಡುತ್ತಿದೆ. ನಿಲ್ದಾಣದಿಂದ ಕೋಟೆ ಸುಮಾರು ಒಂದು ಮೈಲಿ. ಕಾವೆಂಟ್ರಿಯಿಂದ ಬಸ್ಸೂ ಇದೆ. ಮಳೆ ಬಂದರೆ ನೆನೆಯದೆ ಕೂರುವ ಜಾಗ ಕಡಿಮೆ. ಹೆಬ್ಬಾಗಿಲ ಕಟ್ಟಡ ಬಿಟ್ಟರೆ 16ನೇ ಶತಮಾನದ ಕುದುರೆ ಲಾಯದಲ್ಲಿರುವ ಟೀ ಅಂಗಡಿಯೇ ಗತಿ. ಸೀರೆ, ಚಪ್ಪಲಿಯಲ್ಲಿ ಮೆಟ್ಟಿಲು ಹತ್ತುವುದು ಕಷ್ಟ, ಶೂ ಹಾಕಿಕೊಳ್ಳಿ. ಬಿದ್ದ ಕಲ್ಲಿನ ಚೂರನ್ನು ನೆನಪಿಗೆಂದು ಜೇಬಿಗೆ ಹಾಕಬೇಡಿ. ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕುವುದಂತೂ ಇಲ್ಲಿ ಅಪರಾಧ.

ಟಿಕೆಟ್ ಜಾಗದ ಹೊರಗೆ, ಹಿಂದೆ ಕೆರೆ ಇದ್ದ ಹೊಲಗಳಲ್ಲಿ ಕಾಲುದಾರಿ ಇದೆ. ಅದಕ್ಕೆ ದುಡ್ಡಿಲ್ಲ. ಸಾಧ್ಯವಾದರೆ ಮೊದಲು ಅಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಒಳಗೆ ಹೋಗಿ. 1266ರಲ್ಲಿ ದೋಣಿ ತಂದವರಿಗೆ ಕೋಟೆ ಎಷ್ಟು ದೂರ, ಎಷ್ಟು ಎತ್ತರ ಕಂಡಿತು ಎಂದು ಆ ತಗ್ಗಿನಲ್ಲಿ ನಿಂತರೆ ತಿಳಿಯುತ್ತದೆ.